ಪುಲರಿ ಕ್ಲಿನಿಕ್: ಐದರಲ್ಲಿ ನಾಲ್ಕು ನಕ್ಷತ್ರ

ಮಲಯಾಳಂನಲ್ಲಿ ಪುಲರಿ ಎಂದರೆ ಬೆಳಗು. ಕಾಸರಗೋಡು ಜಿಲ್ಲೆಯ ಸರಕಾರಿ ಆಸ್ಪತ್ರೆಯೊಂದರಲ್ಲಿ ಆ ಬೋರ್ಡನ್ನು ಕಂಡು, ಮಕ್ಕಳ ವಿಭಾಗವಿರಬೇಕೆಂದು ಎರಡು ಸಲ ದಾಟಿ ಹೋದೆ. ಕೇರಳದಲ್ಲಿ ಲೈಂಗಿಕ ಸೋಂಕಿನ ಕ್ಲಿನಿಕ್‌ಗೆ ಇಟ್ಟ ಹೆಸರು ಅದು. ಎಚ್‌ಐವಿ ಪರೀಕ್ಷೆಯ ಕೋಣೆ ಜ್ಯೋತಿಸ್. ನೋಡುವವರಿಗೆ ತಿಳಿಯಬಾರದೆಂದು ಇಟ್ಟ ಹೆಸರು ಬೇಕಾದವರಿಗೂ ತಿಳಿಯುವುದಿಲ್ಲ. ಕನ್ನಡದ ಒಂದಕ್ಷರವೂ ಇರಲಿಲ್ಲ.

ಮೊದಲು ಊರವರ ಕಣ್ಣು ತಪ್ಪಿಸಲು ಬದಿಯಡ್ಕದಿಂದ ಬಸ್ಸು ಬದಲಿಸಿ ಗಡಿಯಾಚೆಯ ಖಾಸಗಿ ಲ್ಯಾಬಿಗೆ ಹೋಗಿದ್ದೆ. ಕೌಂಟರಿನಾಕೆ ಚೀಟಿಯಲ್ಲಿ ಸಿಫಿಲಿಸ್ ಎಂಬ ಲೈಂಗಿಕ ಸೋಂಕಿನ ರಕ್ತಪರೀಕ್ಷೆಯ ಹೆಸರು ಓದಿ, "ವಿಡಿಆರ್‌ಎಲ್ ಯಾರಿಗೆ? ಗಂಡನ ಹೆಸರು ಹೇಳಿ" ಎಂದು ಬೆಂಚಿನವರೆಲ್ಲ ತಿರುಗುವಂತೆ ಕೇಳಿದಳು. ನನಗೆ 23, ಗಂಡನಿಲ್ಲ. ರಕ್ತ ಕೊಡದೆ ಹೊರಬಂದು, ಕಬ್ಬಿನ ಹಾಲು ಕುಡಿದು ಮರಳಿದೆ.

ಪುಲರಿಯ ಆಪ್ತ ಸಲಹೆಗಾರ್ತಿ ಮೊದಲು ಬಾಗಿಲು ಮುಚ್ಚಿದರು. "ಕನ್ನಡವೇ ಆಗಬಹುದಲ್ಲ?" ಎಂದರು. ಮದುವೆಯ ಮಾತೆತ್ತಲಿಲ್ಲ, ಕೊನೆಯ ಸಂಪರ್ಕ ಯಾವಾಗ ಎಂದಷ್ಟೇ ಕೇಳಿದರು. ಐದು ವಾರ ಎಂದೆ. ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ, "ಇವತ್ತು ನೆಗೆಟಿವ್ ಬಂದರೂ ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಬನ್ನಿ" ಎಂದು ಪೆನ್ಸಿಲಿನಲ್ಲಿ ಒಂದು ಸೋಮವಾರಕ್ಕೆ ಸುತ್ತು ಹಾಕಿದರು. ಹರತಾಳ ಬೀಳದಿದ್ದರೆ ಹೋಗುತ್ತೇನೆ. ಒಪ್ಪಿಗೆಯ ಸಹಿ ಪಡೆದೇ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗೆ ರಕ್ತ ತೆಗೆಸಿದರು. ಒಪ್ಪಿಗೆಯೂ ಗೌಪ್ಯತೆಯೂ ಅವರ ಉಪಕಾರವಲ್ಲ, 2017ರ ಎಚ್‌ಐವಿ ಕಾಯ್ದೆಯಲ್ಲಿಯೇ ಇದೆ. ಪರೀಕ್ಷೆಗೆ ದುಡ್ಡಿಲ್ಲ.

ಕ್ಲಮೀಡಿಯಾ ಎಂಬ ಇನ್ನೊಂದು ಲೈಂಗಿಕ ಸೋಂಕಿಗೆ ಪರೀಕ್ಷೆ ಆಗಲಿಲ್ಲ. ಲಕ್ಷಣ ನೋಡಿ ಔಷಧಿ ಕೊಡುವುದು ಅಲ್ಲಿನ ಕ್ರಮ. ಹೆಂಗಸರಲ್ಲಿ ಹೆಚ್ಚಿನ ಸಲ ಲಕ್ಷಣವೇ ಇರುವುದಿಲ್ಲವಲ್ಲ ಎಂದೆ. "ಹೌದು" ಎಂದರು, ಸಮಜಾಯಿಷಿ ಕೊಡಲಿಲ್ಲ. ಅದು ನನಗೆ ಹಿಡಿಸಿತು, ಆದರೂ ಒಂದು ನಕ್ಷತ್ರ ಅದಕ್ಕೂ ಬೋರ್ಡಿಗೂ ಸೇರಿ ಹೋಯಿತು. 18 ತುಂಬದವರ ಎಚ್‌ಐವಿ ಪರೀಕ್ಷೆಗೆ ಪೋಷಕರ ಒಪ್ಪಿಗೆ ಬೇಕು. ಎಲ್ಲರಿಗಿಂತ ಹೆಚ್ಚು ಹೆದರಿದವರು ಆ ಎಳೆಯರೇ. ಕಡೇಪಕ್ಷ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಲಿ, ಕರೆ ಉಚಿತ.

ಹೋಗುವವರಿಗೆ ಒಂದು ಮಾತು: ಎದುರಿನ ಕೋಣೆ ದಂತ ವಿಭಾಗ. ನೆರೆಮನೆಯ ಚಿಕ್ಕಮ್ಮ ಸಿಕ್ಕಿ "ನೀನೇನು ಇಲ್ಲಿ ಮಾರಾಯ್ತಿ?" ಎಂದಾಗ ಹಲ್ಲುನೋವು ಎಂದುಬಿಟ್ಟೆ. ನಾನು ಮನೆ ಸೇರುವಷ್ಟರಲ್ಲಿ ಅಮ್ಮ ಲವಂಗದೆಣ್ಣೆ ತರಿಸಿಟ್ಟಿದ್ದರು.