ಸಿಬಿ ರೇಡಿಯೋ: ಸೆಟ್ಟಿಗೆ ಮೂರು ಸ್ಟಾರ್, ಅದರಲ್ಲಿ ಸಿಗುವ ಬೈಗುಳಕ್ಕೆ ಐದು

ಅಮೆರಿಕದಲ್ಲಿ ಹದಿನೆಂಟು ಚಕ್ರದ ಟ್ರಕ್ ಓಡಿಸುತ್ತೇನೆ. ಹಿಂದೆ 53 ಅಡಿಯ ಮುಚ್ಚಿದ ಟ್ರೈಲರ್, ಅಂದರೆ ಡ್ರೈ ವ್ಯಾನ್. ಮೊದಲ ವರ್ಷ ಸಿಬಿ, ಅಂದರೆ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋ, ಇಲ್ಲದೆ ಕಳೆದೆ. ಫೋನ್ ಇದೆ, ಮ್ಯಾಪ್ ಇದೆ, ಈ ಹಳೇ ಡಬ್ಬಿ ಯಾಕೆ ಅಂತ. ಕಳೆದ ಚಳಿಗಾಲದಲ್ಲಿ ಕೊಂಡೆ. ಕಂಪನಿ ಹೆಸರು ಬೇಡ. ಯಾರದ್ದೇ ಕೊಂಡರೂ 40 ಚಾನೆಲ್, ಎಎಂನಲ್ಲಿ 4 ವ್ಯಾಟ್. ಅದಕ್ಕಿಂತ ಜಾಸ್ತಿ ಕಾನೂನು ಬಿಡಲ್ಲ.

ಮೊದಲ ವಾರ ದುಡ್ಡು ದಂಡ ಅನ್ನಿಸಿತ್ತು. ಬರೀ ಗರಗರ. ನಾನು ಮಾತಾಡಿದರೆ ಮುಂದಿನ ಗಾಡಿಯವನಿಗೂ ಕೇಳುತ್ತಿರಲಿಲ್ಲ. ಹಾಕಿಕೊಟ್ಟ ಅಂಗಡಿಯವನು ಆಂಟೆನಾವನ್ನು ಕನ್ನಡಿಯ ಕಂಬಕ್ಕೆ ಬಿಗಿದು ಕೈ ತೊಳೆದುಕೊಂಡಿದ್ದ. ಎಸ್‌ಡಬ್ಲ್ಯೂಆರ್ ಮೀಟರ್ ಹಿಡಿದು ನೋಡಿದರೆ 3ರ ಮೇಲೆ. ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಅಂತ ತೋರಿಸುವ ಮೀಟರ್ ಅದು, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೇದು. ಕ್ಲ್ಯಾಂಪಿನ ಕೆಳಗೆ ಬಣ್ಣ ಕೆರೆದು ಬರೀ ಲೋಹ ತಾಗುವಂತೆ ಮಾಡಿದೆ. ಚಾನೆಲ್ 1ಕ್ಕಿಂತ 40ರಲ್ಲಿ ಮುಳ್ಳು ಮೇಲೆ ಹೋದರೆ ಆಂಟೆನಾ ಉದ್ದ ಆಗಿದೆ ಅಂತ ಅರ್ಥ. ತುದಿಯ ಸ್ಕ್ರೂ ಸಡಿಲಿಸಿ ಸ್ವಲ್ಪ ಸ್ವಲ್ಪವೇ ಇಳಿಸಿದೆ. 1.4ಕ್ಕೆ ಬಂತು. ಗರಗರ ಹೋಗಿ ಮನುಷ್ಯರ ದನಿ ಬಂತು. ಹಾಗಾಗಿ ಸೆಟ್ಟನ್ನು ಬಯ್ಯುವ ಮುಂಚೆ ಆಂಟೆನಾ ನೋಡಿ.

ಸೆಟ್ಟಿನ ಬಗ್ಗೆ ಹೇಳುವುದು ಕಮ್ಮಿ. ಸ್ಕ್ವೆಲ್ಚ್ ಗುಂಡಿ ಚೆನ್ನಾಗಿದೆ, ಯಾರೂ ಮಾತಾಡದಿದ್ದಾಗ ಸೆಟ್ಟೂ ಸುಮ್ಮನಿರುತ್ತದೆ. ಹವಾಮಾನದ ಚಾನೆಲ್‌ಗಳು ಉಪಯೋಗಕ್ಕೆ ಬರುತ್ತವೆ. ಬಿಸಿಲಿಗೆ ಡಿಸ್‌ಪ್ಲೇ ಕಾಣಲ್ಲ. ಮೈಕ್ ಸಿಕ್ಕಿಸುವ ಕೊಕ್ಕೆ ಎರಡನೇ ತಿಂಗಳಿಗೇ ಕಿತ್ತುಬಂತು. ಇನ್ನೊಂದು ಮಾತು: ಇಲ್ಲಿ ಟ್ರಕ್ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದು ಮಾತಾಡುವಂತಿಲ್ಲ, 2012ರಿಂದ ನಿಷೇಧ. ಸಿಬಿ ಮೈಕಿಗೆ ಆ ನಿಯಮ ಇಲ್ಲ.

ಇನ್ನು ಅಸಲಿ ವಿಷಯ, ಚಾನೆಲ್ 19. ಹೆದ್ದಾರಿಯಲ್ಲಿ ಟ್ರಕ್ಕಿನವರೆಲ್ಲ ಇರುವುದು ಅಲ್ಲೇ.

ಮೊದಲ ದಿನ ಒಬ್ಬ, ‘ಬಲಗಡೆ ಲೇನಿನಲ್ಲಿ ಮೊಸಳೆ’ ಅಂದ. ನಾನು ನಿಜವಾಗಿ ಚರಂಡಿ ಕಡೆ ನೋಡಿದೆ! ಸಿಡಿದ ಟೈರಿನ ಪಟ್ಟಿ ರಸ್ತೆಯಲ್ಲಿ ಬಿದ್ದಿದ್ದರೆ ಅದು ‘ಗೇಟರ್’, ಮೊಸಳೆ. ತೂಕ ನೋಡುವ ಜಾಗ ‘ಚಿಕನ್ ಕೂಪ್’, ಕೋಳಿ ಗೂಡು. ಪೊಲೀಸ್ ‘ಕರಡಿ’. ಕಾಡ್ಗಿಚ್ಚಿನ ಎಚ್ಚರಿಕೆಯ ಪೋಸ್ಟರಿನ ಸ್ಮೋಕಿ ಕರಡಿಯದ್ದೂ ಇಲ್ಲಿನ ಹೆದ್ದಾರಿ ಪೊಲೀಸರದ್ದೂ ಒಂದೇ ಥರದ ಟೋಪಿ. 1973ರ ಎಣ್ಣೆ ಬಿಕ್ಕಟ್ಟು, ಅದರ ಬೆನ್ನಿಗೇ 1974ರಲ್ಲಿ ಗಂಟೆಗೆ 55 ಮೈಲಿಯ ಮಿತಿ. ಡೀಸೆಲ್ ಎಲ್ಲಿ ಸಿಗುತ್ತೆ, ಕರಡಿ ಎಲ್ಲಿ ಕೂತಿದೆ ಅಂತ ಹೇಳಿಕೊಳ್ಳುತ್ತಾ ಈ ಭಾಷೆ ಬೆಳೆಯಿತು.

ಟ್ರೈಲರ್ ನೋಡಿ ಜಾತಿ ಮಾಡುವುದಂತೂ ಕೇಳಲೇಬೇಕು. ತೆರೆದ ಫ್ಲ್ಯಾಟ್‌ಬೆಡ್ ‘ಸ್ಕೇಟ್‌ಬೋರ್ಡ್’. ಕಾರು ಹೇರುವವನು ‘ಪಾರ್ಕಿಂಗ್ ಲಾಟ್’. ಮನೆ ಸಾಮಾನು ಸಾಗಿಸುವವನು ‘ಬೆಡ್‌ಬಗ್ಗರ್’, ಹಾಸಿಗೆ ಜೊತೆ ತಿಗಣೆಯೂ ಫ್ರೀ ಅಂತ. ಎರಡು ಟ್ರೈಲರ್ ಎಳೆಯುವವನದ್ದು ‘ವಿಗಲ್ ವ್ಯಾಗನ್’, ಹಿಂದಿನದು ಸೊಂಟ ಕುಣಿಸುತ್ತದಲ್ವಾ. ದನ ಸಾಗಿಸುವ ಬುಲ್ ಹಾಲರ್‌ಗಳಿಗೆ ಯಾವಾಗಲೂ ಅವಸರ. ದನ ಹತ್ತಿಸಿದ ಜಾಗದಿಂದ 150 ಏರ್ ಮೈಲಿಯೊಳಗೆ (ಹಕ್ಕಿ ಹಾರುವ ನೇರ ದೂರ) ಅವರಿಗೆ ಗಂಟೆಯ ಲೆಕ್ಕ ಇಲ್ಲ, ನಮಗೆ ಒಂದು ಪಾಳಿಯಲ್ಲಿ 11 ಗಂಟೆಯ ಮೇಲೆ ಓಡಿಸುವಂತಿಲ್ಲ. ಆ ಹೊಟ್ಟೆಕಿಚ್ಚು ರೇಡಿಯೋದಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಹಾಲಿನ ಟ್ಯಾಂಕರ್‌ನವರ ಜಂಬವೇ ಬೇರೆ. ಒಳಗೆ ತೊಳೆಯಲು ಸುಲಭವಾಗಲಿ ಅಂತ ಆ ಟ್ಯಾಂಕಿನಲ್ಲಿ ಅಡ್ಡ ತಡೆಗಳೇ ಇರಲ್ಲ. ಬ್ರೇಕ್ ಹಾಕಿ ಸಿಗ್ನಲ್‌ನಲ್ಲಿ ನಿಂತ ಮೇಲೆ ಹಾಲು ಬಂದು ಹಿಂದಿನಿಂದ ಗುದ್ದುತ್ತದೆ. ‘ನಿಮ್ಮ ಸರಕು ಮಲಗಿರುತ್ತೆ, ನಮ್ಮದು ಈಜುತ್ತೆ’ ಅಂದ ಒಬ್ಬ. ಒಪ್ಪಬೇಕಾದ್ದೇ.

ನಮ್ಮ ಡ್ರೈ ವ್ಯಾನ್ ‘ಡ್ರೈ ಬಾಕ್ಸ್’. ಎಲ್ಲರಿಗಿಂತ ಕೆಳಗಿನವರು ನಾವೇ. ಫ್ಲ್ಯಾಟ್‌ಬೆಡ್‌ನವನು ಮೊದಲ 50 ಮೈಲಿಯೊಳಗೆ ಇಳಿದು ಸರಕು ನೋಡಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು. ನಮ್ಮ ಬಾಗಿಲಿಗೆ ಸೀಲ್ ಹಾಕಿಬಿಟ್ಟರೆ ಆ ತಲೆನೋವಿಲ್ಲ. ಅವರ ಕಣ್ಣಿಗೆ ನಾವು ಗೋದಾಮಿನ ಡಾಕ್‌ಗೆ ಗಾಡಿ ತಾಗಿಸಿ ನಿದ್ದೆ ಹೊಡೆಯುವವರು.

ಮಾರ್ಚ್‌ನಲ್ಲಿ ವ್ಯೋಮಿಂಗ್‌ನ ಐ-80 ಹೆದ್ದಾರಿಯಲ್ಲಿ ಖಾಲಿ ಟ್ರೈಲರ್ ಎಳೆದು ಬರುತ್ತಿದ್ದೆ. ಎಲ್ಕ್ ಮೌಂಟನ್ ಕಡೆ ಗಾಳಿ ಜೋರು. ಹಗುರವಾದ ಎತ್ತರದ ಗಾಡಿಗಳಿಗೆ ರಸ್ತೆ ಬಂದ್ ಅಂತ ಬೋರ್ಡು. ಟ್ರಕ್ ಸ್ಟಾಪಿಗೆ ತಿರುಗಿಸಿದೆ. ಉಕ್ಕಿನ ಸುರುಳಿ ಹೇರಿದ್ದ ಸ್ಕೇಟ್‌ಬೋರ್ಡ್ ಒಂದು ನನ್ನ ಮುಂದೆಯೇ ಹೋಯಿತು. ‘ಏನಪ್ಪಾ ಡ್ರೈವರ್, ಗಾಳಿಪಟ ಮಡಚಿಟ್ಟೆಯಾ?’ ಅಂದ.

ಒಳಗೆ ನಿಂತಿದ್ದ ಇನ್ನೊಬ್ಬ ಫ್ಲ್ಯಾಟ್‌ಬೆಡ್‌ನವನ ಕಥೆ ಬೇರೆ. ಮರದ ಹಲಗೆಗಳ ಮೇಲಿನ ಟಾರ್ಪಾಲಿನ ಒಂದು ಕಡೆ ಬಿಚ್ಚಿತ್ತು. ಮೂಲೆ ಹಿಡಿದು ಎಳೆಯುತ್ತಿದ್ದ. ಪ್ರತಿ ಗಾಳಿಗೂ ಅದು ಅವನನ್ನೇ ತುದಿಗಾಲಿಗೆ ಎತ್ತುತ್ತಿತ್ತು. ‘ಹಾರೋದಕ್ಕೆ ಮುಂಚೆ ಲಾಗ್ ಪುಸ್ತಕದಲ್ಲಿ ಬರ್ಕೊಳ್ಳಪ್ಪ’ ಅಂತ ರೀಫರ್ (ಫ್ರಿಜ್ ಇರುವ ಟ್ರೈಲರ್) ಗಾಡಿಯವನೊಬ್ಬ ರೇಡಿಯೋದಲ್ಲಿ ಅಂದ. ಅಂದವನೇ ಮೊದಲು ಇಳಿದ. ನಾನು, ಅವನು, ಒಬ್ಬ ಪಾರ್ಕಿಂಗ್ ಲಾಟ್ ಮೂವರೂ ಓಡಿ ಟಾರ್ಪಾಲಿನ ಅಂಚಿನ ಮೇಲೆ ಕೂತುಬಿಟ್ಟೆವು. ಫ್ಲ್ಯಾಟ್‌ಬೆಡ್‌ನವನು ಟಾರ್ಪಾಲಿನ ಒಂದೊಂದೇ ಬಳೆಗೆ ರಬ್ಬರ್ ಪಟ್ಟಿಯ ಕೊಕ್ಕೆ ಸಿಕ್ಕಿಸುತ್ತಾ ಬಂದ. ಮುಗಿಯುವ ಹೊತ್ತಿಗೆ ನನ್ನ ಬೆರಳು ಮರಗಟ್ಟಿದ್ದವು. ಕೈ ಕುಲುಕಿ ಥ್ಯಾಂಕ್ಸ್ ಹೇಳಿದ. ಕ್ಯಾಬಿನ್ ಹತ್ತಿ ಮೈಕ್ ಹಿಡಿದವನ ಮೊದಲ ಮಾತು: ‘ಬಾಕ್ಸ್‌ನವರಿಗೂ ಕೈ ಇರುತ್ತೆ ಅಂತ ಇವತ್ತು ಗೊತ್ತಾಯ್ತು.’

ಎಲ್ಲವೂ ಹೀಗೇ ಇರಲ್ಲ. ನನ್ನ ಉಚ್ಚಾರ ಕೇಳಿ ಹೊಲಸು ಮಾತಾಡುವವರೂ ಸಿಗುತ್ತಾರೆ. ಅದು ಕಾಲೆಳೆಯುವುದಲ್ಲ, ಚಾನೆಲ್ ಬದಲಿಸುತ್ತೇನೆ. ದೊಡ್ಡ ಊರು ದಾಟುವಾಗ ಬರೀ ಕಿರುಚಾಟ. ಎಷ್ಟೋ ದಿನ ಮೈಲಿಗಟ್ಟಲೆ ಯಾರೂ ಬಾಯಿ ಬಿಡಲ್ಲ. ಬಹಳ ಗಾಡಿಗಳಲ್ಲಿ ಈಗ ಸೆಟ್ಟೇ ಇಲ್ಲ.

ಊರೊಳಗೇ ಓಡಿಸುವವರಿಗೆ ಬೇಡ. ರಾಜ್ಯ ದಾಟಿ ಹೋಗುವವರು ಕೊಳ್ಳಿ, ಮೀಟರೂ ಜೊತೆಗೇ ಕೊಳ್ಳಿ. ರಾತ್ರಿ ಮಲಗುವಾಗ ಮಾತ್ರ ಆಫ್ ಮಾಡಿ. ನಾನೊಮ್ಮೆ ಪಕ್ಕದ ರೀಫರ್‌ನವನಿಗೆ ಮೈಕಿನಲ್ಲಿ, ನಿನ್ನ ಫ್ರಿಜ್ಜಿನ ಸದ್ದಿಗೆ ನಿದ್ದೆ ಬರ್ತಿಲ್ಲ ಮಾರಾಯ ಅಂದೆ. ‘ಐಸ್‌ಕ್ರೀಮ್‌ಗೆ ಜೋಗುಳ ಹಾಡ್ತಿದೀನಿ, ನೀನೂ ಕೇಳು’ ಅಂದ. ಆಮೇಲೆ ಅರ್ಧ ಗಂಟೆ ಅಲ್ಲಿ ಗಾಡಿ ನಿಲ್ಲಿಸಿದ್ದವರೆಲ್ಲ ಸೇರಿ ನನಗೆ ಜೋಗುಳ ಹಾಡಿದರು.