ನಿಕೋಲಸ್ ಕೇಜ್‌ನ ಮೂರು ಅಬ್ಬರದ ಚಿತ್ರಗಳು: ಒಂದಕ್ಕೇ ದುಡ್ಡು ಕೊಡುವುದಾದರೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 'ಫೇಸ್/ಆಫ್'ಗೆ. ಈ ಮಳೆಗಾಲದಲ್ಲಿ ಬದಿಯಡ್ಕದ ನಮ್ಮ ಮನೆಯಲ್ಲಿ ಕೇಜ್‌ನ ಮೂರು ಹಳೆಯ ಆಕ್ಷನ್ ಚಿತ್ರಗಳನ್ನು ಆನ್‌ಲೈನ್ ಬಾಡಿಗೆಗೆ ತೆಗೆದುಕೊಂಡು ಮತ್ತೆ ನೋಡಿದೆ. 'ದಿ ರಾಕ್' 1996ರದ್ದು. 'ಕಾನ್ ಏರ್' ಮತ್ತು 'ಫೇಸ್/ಆಫ್' ಅಮೆರಿಕದಲ್ಲಿ ಬಂದದ್ದು 1997ರ ಒಂದೇ ಜೂನ್ ತಿಂಗಳಲ್ಲಿ. 'ಲೀವಿಂಗ್ ಲಾಸ್ ವೇಗಾಸ್'ಗೆ ಆಸ್ಕರ್ ಗೆದ್ದ ಬೆನ್ನಿಗೇ ಈ ನಟನ ಈ ಹೊಡೆದಾಟದ ಚಿತ್ರಗಳು ತೆರೆಗೆ ಬಂದದ್ದು.

'ದಿ ರಾಕ್'ನಲ್ಲಿ ನನ್ನನ್ನು ಸುಸ್ತು ಮಾಡಿದ್ದು ಸದ್ದು. ಶಾನ್ ಕಾನರಿ ತಗ್ಗಿದ ದನಿಯಲ್ಲಿ ಮಾತಾಡುವಾಗ ಹಂಚಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುತ್ತದೆ. ಒಂದು ಮಾತೂ ಕೇಳುವುದಿಲ್ಲ. ವಾಲ್ಯೂಮ್ ಏರಿಸಿದೆನೋ, ಸ್ಯಾನ್ ಫ್ರಾನ್ಸಿಸ್ಕೋದ ಕೇಬಲ್ ಕಾರು ಸಿಡಿಯುತ್ತದೆ, ಒಳಗೆ ಮಲಗಿದ್ದ ಅಮ್ಮ ಎದ್ದು ಕೂರುತ್ತಾರೆ. ಚಿತ್ರ ಮುಗಿಯುವವರೆಗೂ ರಿಮೋಟ್ ಕೈಯಲ್ಲೇ.

ಇದಕ್ಕೆ ಕಾರಣ ಉಂಟು. ಆರು ಸ್ಪೀಕರುಗಳಿಗೆ ಹಂಚಿದ 5.1 ಸದ್ದಿನಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಬರುತ್ತದೆ. ನಮ್ಮ ಟಿವಿಯಲ್ಲಿ ಇರುವುದು ಎರಡೇ. ಎಲ್ಲವನ್ನೂ ಅದರಲ್ಲೇ ತುರುಕಿದಾಗ ಮಾತು ಅಡಿಗೆ ಬೀಳುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಸ್ಟೀರಿಯೋ ಮಾಡಿ, ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಹಾಕಿದ ಮೇಲೆ ಸ್ವಲ್ಪ ಸರಿಯಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ನೋಡಲು ಶುರು ಮಾಡಿದರೆ ಬಾಡಿಗೆಗೆ 48 ಗಂಟೆಯಷ್ಟೇ ಆಯಸ್ಸು, ಕರೆಂಟು ಹೋದರೂ ಆ ಲೆಕ್ಕ ನಿಲ್ಲುವುದಿಲ್ಲ.

'ಕಾನ್ ಏರ್' ಎರಡು ಗಂಟೆಯೊಳಗೆ ಮುಗಿಯುತ್ತದೆ. ಮಗಳಿಗಾಗಿ ಇಟ್ಟುಕೊಂಡ ಮೊಲದ ಗೊಂಬೆಯನ್ನು ಮುಟ್ಟಿದವನ ಮೇಲೆ ಕೇಜ್ ಏರಿಹೋಗುವುದು ಚೆನ್ನ. ಆದರೆ ನೆನಪಿನಲ್ಲಿ ಉಳಿಯುವುದು ಖಳ ಜಾನ್ ಮಾಲ್ಕೊವಿಚ್.

ಇನ್ನು 'ಫೇಸ್/ಆಫ್'. ಕೇಜ್ ಅತಿಯಾಗಿ ಆಡುತ್ತಾನೆ ಎಂದು ದೂರುವವರಿದ್ದಾರೆ. ನಾವು ಕಾಸರಗೋಡಿನವರು ಯಕ್ಷಗಾನ ಬಯಲಾಟ ನೋಡಿ ಬೆಳೆದವರು. ರಾಕ್ಷಸನ ಬಣ್ಣದ ವೇಷ ಅಬ್ಬರಿಸುತ್ತಾ ರಂಗಕ್ಕೆ ಬಂದರೆ ಜಾಸ್ತಿಯಾಯಿತು ಅನ್ನುತ್ತೇವೆಯೇ? ಪಾದ್ರಿಯ ಉಡುಪಿನಲ್ಲಿ ಕುಣಿಯುವ ಖಳನಾಗಿ ಕೇಜ್ ಬರುವುದೂ ಹಾಗೆಯೇ. ಆಮೇಲೆ ಶಸ್ತ್ರಚಿಕಿತ್ಸೆಯಲ್ಲಿ ಪೊಲೀಸ್ ಮತ್ತು ಖಳನ ಮುಖ ಅದಲುಬದಲಾಗುತ್ತದೆ. ಖಳನ ಮುಖ ಹೊತ್ತ ಪೊಲೀಸ್ ಈಗ ಕೇಜ್, ಪೊಲೀಸಿನ ಮುಖ ಹೊತ್ತ ಖಳ ಜಾನ್ ಟ್ರವೋಲ್ಟಾ. ಜೈಲಿನ ಹೊಡೆದಾಟದಲ್ಲಿ ಕೇಜ್ ತಾನೇ ಆ ಖಳನೆಂದು ಎಲ್ಲರನ್ನೂ ನಂಬಿಸಬೇಕು. ಬಾಯಿ ನಗುತ್ತದೆ, ಕಣ್ಣು ಅಳುತ್ತದೆ. ಮೊದಲಿನ ಅಬ್ಬರ ಇರದಿದ್ದರೆ ಈ ಸಂಕಟ ಇಷ್ಟು ತಾಗುತ್ತಿರಲಿಲ್ಲ. ಇಲ್ಲಿ ಮಳೆಗೆ ನಾಲ್ಕು ಮಾತು ಕೇಳದಿದ್ದರೂ ನಷ್ಟವಿಲ್ಲ, ಮುಖವೇ ಎಲ್ಲ ಹೇಳುತ್ತದೆ.

ನಾನು ನೋಡುವುದು ರಾತ್ರಿ ಊಟದ ನಂತರ, ಸದ್ದು ಕಮ್ಮಿ ಇಟ್ಟು. ಬಾಡಿಗೆಗೆ ಮೀಸಲಿಡುವುದು ತಿಂಗಳಿಗೆ ಒಂದೇ ಚಿತ್ರದ ದುಡ್ಡು. ಸೌಂಡ್‌ಬಾರ್ ಇದ್ದವರು 'ದಿ ರಾಕ್' ನೋಡಲಿ. 'ಕಾನ್ ಏರ್' ಚಾನೆಲಿನಲ್ಲಿ ಬಂದಾಗ ನೋಡಿದರೆ ಸಾಕು. ನನ್ನ ದುಡ್ಡು 'ಫೇಸ್/ಆಫ್'ಗೇ.