ಆರ್ಥಿಕ ಸುಧಾರಣೆ: ಒಮ್ಮೆಲೇ ಬೇಕೆ, ಹಂತಹಂತವಾಗಿ ಬೇಕೆ?

ಮಾರುಕಟ್ಟೆಯನ್ನು ಒಮ್ಮೆಲೇ ತೆರೆಯುವುದು ಕಾರ್ಮಿಕರಿಗೆ ಒಳ್ಳೆಯದೋ, ಹಂತಹಂತವಾಗಿ ತೆರೆಯುವುದೋ ಎಂದು ಕೇಳಿದ್ದೀರಿ. ಒಮ್ಮೆಲೇ ತೆರೆದ ದಕ್ಷಿಣ ಅಮೆರಿಕದ ಬೊಲಿವಿಯಾ ಮತ್ತು ಹಂತಹಂತವಾಗಿ ತೆರೆದ ಚೀನಾಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲು ಬೆಲೆ. 1985ರಲ್ಲಿ ಬೊಲಿವಿಯಾದ ಹಣದುಬ್ಬರ ಶೇಕಡಾ ಸಾವಿರಗಳಲ್ಲಿತ್ತು. ಕೂಲಿ ಕೈಸೇರುವಷ್ಟರಲ್ಲಿ ಅದರ ಮೌಲ್ಯ ಕರಗುತ್ತಿತ್ತು. ಮಾರುಕಟ್ಟೆಯನ್ನು ಒಮ್ಮೆಲೇ ತೆರೆದ ಸರ್ಕಾರದ 21060ನೇ ಆಜ್ಞೆ ಆ ಆಗಸ್ಟ್‌ನಲ್ಲಿ ಬಂದು, ಕೆಲವೇ ವಾರಗಳಲ್ಲಿ ಹಣದುಬ್ಬರವನ್ನು ತಡೆಯಿತು. ಅಂಥ ಹೊತ್ತಿನಲ್ಲಿ ನಿಧಾನಿಸಿದರೆ ದಂಡ ತೆರುವವರು ಬಡವರೇ.

ಉದ್ಯೋಗದ ಕಥೆ ಬೇರೆ. ಅದೇ ಆಜ್ಞೆಯ ಬೆನ್ನಿಗೆ ತವರದ ಬೆಲೆಯೂ ಕುಸಿದು, ಸರ್ಕಾರಿ ಗಣಿಗಳ 20,000ಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಅವರನ್ನು ಸೇರಿಸಿಕೊಳ್ಳುವಷ್ಟು ಬೇರೆ ಉದ್ಯಮಗಳು ಇರಲಿಲ್ಲ. ಹಲವರು ಎಲ್ ಆಲ್ಟೋ ನಗರಕ್ಕೆ, ಚಪಾರೆ ಪ್ರದೇಶದ ಕೋಕಾ (ಕೊಕೇನ್ ತಯಾರಿಸುವ ಎಲೆ) ಹೊಲಗಳಿಗೆ ವಲಸೆ ಹೋದರು. ಚೀನಾ 1978ರಿಂದ ಮೊದಲು ಕೃಷಿಯ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಿತು, ಹಳ್ಳಿ ಪಟ್ಟಣಗಳಲ್ಲಿ ಉದ್ದಿಮೆಗಳು ಬೆಳೆದವು, ಸರ್ಕಾರಿ ಕಾರ್ಖಾನೆಗಳಲ್ಲಿ ದೊಡ್ಡ ಕಡಿತ 1990ರ ದಶಕದ ಕೊನೆಗೆ ಬಂತು. ಆಗಲೂ ಕೋಟ್ಯಂತರ ಜನ ಬೀದಿಗೆ ಬಿದ್ದರು, ಅದೂ ಸ್ವತಂತ್ರ ಕಾರ್ಮಿಕ ಸಂಘ ಕಟ್ಟುವ ಹಕ್ಕಿಲ್ಲದೆ. ಇದನ್ನು ಮರೆತು ಚೀನಾವನ್ನು ಹೊಗಳುವುದು ಅನ್ಯಾಯ.

ಹಣದುಬ್ಬರ ಕೈಮೀರಿದ್ದರೆ ವೇಗವೇ ಬೇಕು, ಆದರೆ ಕೆಲಸ ಕಳೆದುಕೊಳ್ಳುವವರಿಗೆ ಪರಿಹಾರ ಅದೇ ದಿನ ಸಿದ್ಧವಿರಬೇಕು. ಬೆಲೆಗಳು ಹತೋಟಿಯಲ್ಲಿದ್ದರೆ ಹಂತದ ದಾರಿ ಹಿಡಿಯಿರಿ. ಹೊಸ ಕೆಲಸಗಳು ಹುಟ್ಟಿದ ಮೇಲಷ್ಟೇ ಹಳೆಯ ಕಾರ್ಖಾನೆಗೆ ಬೀಗ ಹಾಕಿ.